ಹನ್ನೊಂದು ಬಾಗಿಲ ಬಿಳಿ ಬಟ್ಟೆ

ಬಣ್ಣದಕ್ಕನ ಕೈ ನೋಡಿದವರು ಅವಳ ಕಸುಬೇನೆಂದು ಕೇಳುತ್ತಿರಲಿಲ್ಲ. ಸೊಸೆಯಾಗಿ ಬಂದಾಗಿನಿಂದ ನಲವತ್ತು ವರ್ಷ ನೂಲನ್ನು ಕುದಿಯುವ ಬಣ್ಣದಲ್ಲಿ ಅದ್ದಿ ತೆಗೆದವಳು. ಉಗುರಿನ ಸಂದಿಯ ಕೆಂಪು ಹೋಗಲೇ ಇಲ್ಲ. ಇದ್ದರೆ ಇರಲಿ ಎಂದು ಅವಳೂ ಬಿಟ್ಟಳು. ಅವಳಿಗೆ ಸಹಿಸಲಾಗದ್ದು ಬೀದಿಯ ಹಿಂದಿನ ಕಾಲುವೆ. ನೂಲಿಗೆ ಬಣ್ಣ ಹಾಕುವ ಹನ್ನೊಂದು ಮನೆಗಳ ಕೊಳಕು ಕುಡಿದು ಅದು ಬೆಳಿಗ್ಗೆ ಹಸಿರು, ಸಂಜೆ ಕಪ್ಪು. ಮಾತೆತ್ತಿದರೆ ಪ್ರತಿ ಯಜಮಾನನೂ ಪಕ್ಕದ ಮನೆಗೆ ಬೆರಳು ತೋರಿಸುತ್ತಿದ್ದ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವ ಜನ!

ಸರ್ಕಾರ ಹೇಳದಿದ್ದರೇನು, ನಾವೇ ಒಂದು ಕರಾರು ಮಾಡಿಕೊಳ್ಳೋಣ ಎಂದು ಅವಳು ಎರಡು ವರ್ಷ ಮನೆ ಮನೆ ಸುತ್ತಿ ಎಲ್ಲರಿಂದಲೂ ಸಹಿ ಹಾಕಿಸಿದಳು. ಕೊಳಕು ನೀರನ್ನು ಮರಳು, ಇದ್ದಿಲಿನ ತೊಟ್ಟಿಯಲ್ಲಿ ಸೋಸಿಯೇ ಹೊರಗೆ ಬಿಡಬೇಕು. ಹಾಗೆ ಸೋಸಿದ ನೀರಿನಲ್ಲಿ ಬಿಳಿ ಬಟ್ಟೆಯೊಂದನ್ನು ನೆನೆಸಿ ಬೆಳಿಗ್ಗೆ ಮುಂಬಾಗಿಲಿಗೆ ತೂಗುಹಾಕಬೇಕು. ಬಟ್ಟೆಗೆ ಬಣ್ಣ ಹತ್ತಿದರೆ, ತೊಟ್ಟಿ ಸರಿಯಾಗುವವರೆಗೆ ಆ ಮನೆಯವರು ಬಣ್ಣದ ಒಲೆ ಹಚ್ಚುವಂತಿಲ್ಲ.

ಮೊದಲ ಬೆಳಿಗ್ಗೆ ಅವಳದೇ ಬಟ್ಟೆ ಕೆಂಪಗೆ ಬಂತು. ತೊಟ್ಟಿಗೆ ಇದ್ದಿಲು ಸಾಲದಾಗಿತ್ತು.

"ಮಾನ ಹೋಗುತ್ತೆ ಕಣೇ," ಎಂದು ಗಂಡ ಬಾಗಿಲಿಗೆ ಅಡ್ಡ ನಿಂತರು. "ಇನ್ನೊಂದು ಬಟ್ಟೇನ ನಲ್ಲಿ ನೀರಲ್ಲಿ ಅದ್ದಿ ಹಾಕು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ರೀ. ನಾನೇ ಸುಳ್ಳು ಹೇಳಿದ್ರೆ ಕರಾರು ಇವತ್ತೇ ಮಣ್ಣುಪಾಲು. ಸರೀರಿ ಆ ಕಡೆ."

ತೂಗುಹಾಕಿ ತಿರುಗಿದರೆ, ಉಳಿದ ಹತ್ತು ಬಾಗಿಲಲ್ಲೂ ಬಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು.

"ಊರಿಗೆಲ್ಲ ಬುದ್ಧಿ ಹೇಳಿದವರ ಮನೇನೇ ಕೆಂಪಾಯ್ತಲ್ಲಕ್ಕಾ!" ಎಂದು ಎದುರುಮನೆಯ ಯಜಮಾನ ಮೀಸೆ ತಿರುವಿದ.

ಅವಮಾನಕ್ಕೆ ಅವಳ ಕಣ್ಣು ತುಂಬಿತು. ಆದರೂ ಕಸುಬಿನ ಕೈ ಸುಮ್ಮನಿರಬೇಕಲ್ಲ. ಹೋಗಿ ಅವನ ಬಟ್ಟೆಯ ಅಂಚು ಹಿಡಿದು ನೋಡಿದಳು. ಇದ್ದಿಲಿನ ನೀರಿನಲ್ಲಿ ನೆನೆದ ಬಟ್ಟೆ ಎಷ್ಟೇ ಚೊಕ್ಕವಾಗಿದ್ದರೂ ತುಸು ಮಾಸಲಾಗಿಯೇ ಇರುತ್ತದೆ. ಇದು ಮದುವೆಗೆ ಹೊರಟ ಅಂಗಿಯಂತಿತ್ತು. ಬಣ್ಣಗಾರರ ಜಂಬವೇ! ಬರೀ ನಲ್ಲಿ ನೀರಲ್ಲಿ ಅದ್ದಿದ್ದರೆ ಬಚಾವಾಗುತ್ತಿದ್ದರೇನೋ, ಪಕ್ಕದವರಿಗಿಂತ ಬೆಳ್ಳಗಿರಲೆಂದು ಬಟ್ಟೆ ಒಗೆಯುವಾಗ ಹಾಕುವ ನೀಲಿಯನ್ನೂ ಬೆರೆಸಿದ್ದರು.

"ಅಣ್ಣಾ, ನೀಲಿ ಎಷ್ಟು ಚಮಚ ಹಾಕಿದ್ರಿ?"

ಕೇಳಿದ್ದು ಒಬ್ಬನನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಹತ್ತೂ ಯಜಮಾನರು ತಂತಮ್ಮ ಬಟ್ಟೆಯ ಕಡೆ ತಿರುಗಿದರು. ಮೊದಲು ಬಿದ್ದು ಬಿದ್ದು ನಕ್ಕಿದ್ದು ಅವಳ ಗಂಡ. ಎದುರುಮನೆಯವನು ತಲೆ ತಗ್ಗಿಸಿ ಒಳಗೆ ಹೋಗಿ, ಹಿತ್ತಲಲ್ಲಿ ಬಚ್ಚಿಟ್ಟಿದ್ದ ನಿಜವಾದ ಬಟ್ಟೆ ತಂದು ಹಾಕಿದ. ಅಚ್ಚ ಹಸಿರು! ಹಿಂದೆಯೇ ಹಳದಿ, ನೇರಳೆ, ಕಪ್ಪು. ಅವತ್ತು ಬೀದಿಯಲ್ಲಿ ಒಂದು ಒಲೆಯೂ ಹತ್ತಲಿಲ್ಲ. ಹನ್ನೊಂದು ಮನೆಯವರೂ ಟೊಂಕ ಕಟ್ಟಿ ತೊಟ್ಟಿಗಳ ಮರಳು ತೋಡಿದರು, ಹೊಸ ಇದ್ದಿಲು ತುಂಬಿದರು.

ಐದನೆಯ ದಿನ ಎಲ್ಲ ಬಾಗಿಲಲ್ಲೂ ಪ್ರಾಮಾಣಿಕವಾದ ಮಾಸಲು ಬಟ್ಟೆಗಳು ತೂಗಿದವು. ಒಲೆಗಳು ಹತ್ತಿದವು. ಮಧ್ಯಾಹ್ನ ಗಂಡ ಕಾಲುವೆಯ ದಂಡೆಯಿಂದ ಕೂಗಿದರು:

"ಬಾರೇ ಬೇಗ, ತಳದ ಕಲ್ಲು ಕಾಣ್ತಿದೆ!"

ನಲವತ್ತು ವರ್ಷದಲ್ಲಿ ಬಣ್ಣದಕ್ಕ ಆ ಕಲ್ಲುಗಳನ್ನು ಕಂಡಿರಲಿಲ್ಲ. ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ನೀರಿಗಿಳಿದು, "ಗೆದ್ವಿ ಕಣ್ರೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಎದುರುಮನೆಯ ಯಜಮಾನ ಚಪ್ಪಲಿ ಬಿಡುವುದನ್ನೂ ಮರೆತು ನೀರಿಗಿಳಿದ.