ಭಾವ ನೆಕ್ಕಿದ ಮಣ್ಣು

ನನ್ನ ಅಕ್ಕನ ಗಂಡ ಸೆನೋಬಿಯೊ ಮಣ್ಣು ನೆಕ್ಕಿ ಹೆಸರು ಮಾಡಿದವನು. ನಮ್ಮೂರು ಪೇಯಿನೆಯಲ್ಲಿ ಯಾರನ್ನು ಕೇಳಿದರೂ ಅವನನ್ನು ಹೊಗಳುತ್ತಾರೆ. ನಾನೂ ಹೊಗಳುತ್ತೇನೆ, ಹಲ್ಲು ಕಚ್ಚಿಕೊಂಡು. ಇಪ್ಪತ್ತು ವರ್ಷ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನು.

ಅವನ ಅಜ್ಜ ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪಿನ ಗಣಿಯಲ್ಲಿ ಕಲ್ಲು ನೆಕ್ಕಿಯೇ ಒಳ್ಳೆಯದು ಯಾವುದು, ಜೊಳ್ಳು ಯಾವುದು ಎನ್ನುತ್ತಿದ್ದನಂತೆ. ಆ ನಾಲಿಗೆ ಮೊಮ್ಮಗನಿಗೆ ಬಂತು. ಪ್ರತಿ ವರ್ಷ ನಗರದಿಂದ ಮಣ್ಣಿನ ವಿಜ್ಞಾನಿ ಡಾಕ್ಟರಮ್ಮ ರೆನಾಟಾ ಬಂದು ನಮ್ಮಿಬ್ಬರಿಂದ ಮರುಭೂಮಿಯಲ್ಲಿ ಗುಂಡಿ ತೋಡಿಸುತ್ತಿದ್ದಳು. ಮಳೆನೀರು ಎಷ್ಟು ಆಳ ಇಳಿದೀತೋ ಅಷ್ಟು ಆಳಕ್ಕೆ ಉಪ್ಪನ್ನು ಒಯ್ದು ಬಿಡುತ್ತದೆ. ಯಾವ ಉಪ್ಪು ಎಲ್ಲಿ ನಿಂತಿದೆ ಎಂದು ನೋಡಿ, ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿ ಎಷ್ಟು ಮಳೆಯಾಗುತ್ತಿತ್ತು ಎಂದು ಆಕೆ ಹೇಳುತ್ತಿದ್ದಳು.

ಭಾವ ಗುಂಡಿಯ ಗೋಡೆಗೆ ಬೆರಳು ತಾಗಿಸಿ ನಾಲಿಗೆಗೆ ಇಡುತ್ತಿದ್ದ. "ಇದು ಸಪ್ಪೆ, ಜಿಪ್ಸಮ್ಮು. ಇದು ತಣ್ಣಗೈತೆ, ಪೆಟ್ಲುಪ್ಪು. ಕೆಳಗಿಂದು ಅಡುಗೆ ಉಪ್ಪು." ಆಕೆಯ ಯಂತ್ರ ತಿಂಗಳಾದ ಮೇಲೆ ಅದನ್ನೇ ಹೇಳುತ್ತಿತ್ತು. ನಾನೂ ಕದ್ದು ನೆಕ್ಕಿ ನೋಡಿದೆ. ನನಗೆ ಎಲ್ಲವೂ ಮಣ್ಣೇ.

"ಏನ್ ಲಿಯಾಂದ್ರೊ, ನಿನ್ ನಾಲಿಗೆಗೆ ನಿಮ್ಮಕ್ಕನ ಜೋಳದ ಸಾರು ಬಿಟ್ರೆ ಬೇರೇನೂ ತಿಳಿಯಲ್ವೇನೋ?" ಎಂದು ನಗುತ್ತಿದ್ದ. ಡಾಕ್ಟರಮ್ಮನೂ ನಗುತ್ತಿದ್ದಳು. ನನ್ನ ಮೈ ಉರಿದುಹೋಗುತ್ತಿತ್ತು.

ಒಂದು ವರ್ಷ ಆಕೆ, "ಒಬ್ಬೊಬ್ಬರು ಒಂದೊಂದು ತೋಡಿ. ಮೇಲಿಂದ ಕೆಳಗಿನವರೆಗೂ ಉಪ್ಪಿನ ಪದರ ಪೂರ್ತಿ ಸಿಕ್ಕಿದ ಗುಂಡಿಗೆ ತೋಡಿದವನ ಹೆಸರೇ ಇಡ್ತೀನಿ, ನಕ್ಷೇಲಿ ಅಚ್ಚಾಗುತ್ತೆ," ಎಂದಳು. ಆ ಹೆಸರು ನನ್ನದಾಗಬೇಕಿತ್ತು. ಒಂದು ಸಲವಾದರೂ ಅಕ್ಕನ ಮುಂದೆ ಎದೆ ಉಬ್ಬಿಸಬೇಕಿತ್ತು.

ನನ್ನ ಗುಂಡಿ ಸೊಂಟದ ಆಳಕ್ಕೇ ಬಂಡೆಗೆ ತಾಗಿತು. ಭಾವನದು ಎರಡಾಳು ಆಳ ಹೋಯಿತು. ತಳದಲ್ಲಿ ಕೆಂಪು ಮಣ್ಣಿನ ಪಟ್ಟೆ, ಅದರಲ್ಲಿ ಬೇರಿನ ಗುರುತು. "ಇಲ್ಲಿ ಹುಲ್ಲು ಬೆಳೆದಿತ್ತು!" ಎಂದು ಡಾಕ್ಟರಮ್ಮ ಅವನನ್ನು ತಬ್ಬಿಕೊಂಡಳು. ನನಗೆ ಸನಿಕೆಗಳನ್ನು ಹೊರಲು ಹೇಳಿದಳು.

ಗುಂಡಿ ತಳ ಕಂಡಾಗ ಭೂತಾಯಿ ಪಾಚಮಾಮಳಿಗೆ ವೈನ್ ಎರೆಯುವುದು ನಮ್ಮ ಪದ್ಧತಿ. ಡಾಕ್ಟರಮ್ಮನ ಗುಂಡಿಗಳಿಗೆ ಮಾತ್ರ ಹತ್ತು ಹೆಜ್ಜೆ ಆಚೆ ಎರೆಯುತ್ತಿದ್ದೆವು. ನೀರನ್ನೇ ಕಾಣದ ಮಣ್ಣು ಅದು, ಒಂದು ಲೋಟಕ್ಕೇ ಅದರ ಉಪ್ಪು ಕರಗಿ ಜಾಗ ಬಿಡುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಅವರಿಬ್ಬರೂ ಗಾಡಿಯ ನೆರಳಿನಲ್ಲಿ ಉಣ್ಣುತ್ತಿದ್ದಾಗ ಒಂದು ಬಾಟಲಿ ಬಿಳಿ ವೈನನ್ನು ಅವನ ಗೋಡೆಯ ಉದ್ದಕ್ಕೂ ಸುರಿದೆ. ತಾಯಿಯ ಪಾಲು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬಿಸಿಲಿಗೆ ಬೇಗನೆ ಆರಿ, ಕಣ್ಣಿಗೆ ಏನೂ ಕಾಣದಂತಾಯಿತು.

ಊಟ ಮುಗಿಸಿ ಭಾವ ಕೆಳಗಿಳಿದ. ಬೆರಳು ನಾಲಿಗೆಗೆ ಹೋಯಿತು. ಅಲ್ಲೇ ನಿಂತುಬಿಟ್ಟ. ತಲೆ ಎತ್ತಿ ನನ್ನನ್ನೇ ನೋಡಿದ.

"ಡಾಕ್ಟರಮ್ಮಾ," ಎಂದು ಕೂಗಿದ, "ನಂದೇ ತಪ್ಪು. ಅಭ್ಯಾಸಬಲ, ತಾಯಿಗೆ ಒಳಗೇ ಎರೆದ್ಬಿಟ್ಟೆ."

ಆಕೆ ಅವನಿಗೆ ಬೈದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ, "ಎರಡು ಮೊಳ ಒಳಕ್ಕೆ ಕೆತ್ತಿದ್ರೆ ಒಣ ಗೋಡೆ ಸಿಗುತ್ತೆ. ನನ್ ಕೈ ಈಗ ನಂಬೋ ಹಾಗಿಲ್ಲ. ಲಿಯಾಂದ್ರೊ ಕೆತ್ಲಿ," ಎಂದ.

ಮೂರು ದಿನ ಕೆತ್ತಿದೆ. ಉಪ್ಪೆಲ್ಲ ಪೂರ್ತಿ ಸಿಕ್ಕಿತು. ಗುಂಡಿಗೆ ನನ್ನ ಹೆಸರಾಯಿತು. ನಕ್ಷೆ ಈಗಲೂ ಊರ ಶಾಲೆಯ ಗೋಡೆಯಲ್ಲಿದೆ. "ನೋಡ್ರೀ, ನನ್ ತಮ್ಮ!" ಎಂದು ಅಕ್ಕ ಬಂದವರಿಗೆಲ್ಲ ತೋರಿಸುವಾಗ ಭಾವ ಪಕ್ಕದಲ್ಲೇ ನಿಂತು ನಗುತ್ತಿದ್ದ. ಅಕ್ಕನಿಗೂ ಹೇಳಲಿಲ್ಲ, ಪುಣ್ಯಾತ್ಮ. ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅವನ ನಾಲಿಗೆಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅಂದಿನಿಂದ ಅವನ ದೊಡ್ಡ ಮನಸ್ಸಿನ ಮೇಲೂ ಶುರುವಾಯಿತು.

ಕಳೆದ ಆಗಸ್ಟಿನಲ್ಲಿ ಅವನನ್ನು ಮಣ್ಣು ಮಾಡಿದೆವು. ಎಲ್ಲರಂತೆ ನಾನೂ ಒಂದು ಹಿಡಿ ಎತ್ತಿಕೊಂಡೆ. ಹಾಕುವ ಮೊದಲು ಯಾರಿಗೂ ಕಾಣದಂತೆ ಚೂರು ನೆಕ್ಕಿದೆ. ಉಪ್ಪಿತ್ತು. ಯಾವ ಉಪ್ಪೋ, ಅವನನ್ನೇ ಕೇಳಬೇಕಿತ್ತು.