ಲಕ್ಷ್ಮೀ ಪೂಜೆಯ ಸಂಜೆ ಹಾರಿಹೋಯಿತೆನ್ನಲಾದ ಗೂಬೆ

ಬಾರಾನಗರದಲ್ಲಿ ಬಂಗಾಳಿಗಳೇ ತುಂಬಿರುವ ನಮ್ಮ ಬಿಲ್ಡಿಂಗಿನಲ್ಲಿ ಇಂದಿಗೂ ಹೇಳುವ ಕತೆ ಇದು: ಲಕ್ಷ್ಮಿಯ ವಾಹನವಾದ ಗೂಬೆ ತಾನಾಗಿ ದಕ್ಷಿಣದವರ ಮನೆಗೆ, ಅಂದರೆ ನಮ್ಮ ಮನೆಗೆ ಬಂತು, ಆರೈಕೆ ಮಾಡಿಸಿಕೊಂಡಿತು, ಲಕ್ಷ್ಮೀ ಪೂಜೆಯ ಸಂಜೆ ಶಂಖ ಊದುತ್ತಿದ್ದಂತೆ ಹಾರಿಹೋಯಿತು. ಅದರ ಪುಣ್ಯದಿಂದಲೇ ಆ ಮನೆಯ ಯಜಮಾನ ಆಸ್ಪತ್ರೆಯಿಂದ ಬದುಕಿ ಬಂದ. ಚೆಂದದ ಕತೆಯೇ. ನನ್ನದು ಒಂದೇ ತಕರಾರು. ರೆಕ್ಕೆ ಮುರಿದ ಹಕ್ಕಿ ಹಾರುವುದಿಲ್ಲ.

ಪಕ್ಕದ ಹಳೆಯ ಮನೆಯನ್ನು ಕೆಡವುವಾಗ ಗೋಡೆಯ ಸಂದಿಯಿಂದ ಬಿದ್ದ ಕಣಜ ಗೂಬೆಯ ಮರಿ ಅದು. ಅಮ್ಮ ಎತ್ತಿಕೊಂಡು ಬಂದಳು. ಹಕ್ಕಿಗಳ ಡಾಕ್ಟರು ರೆಕ್ಕೆಯನ್ನು ಮೈಗೆ ಸೇರಿಸಿ ಪಟ್ಟಿ ಸುತ್ತಿದರು. ಊರೆಲ್ಲ ದಸರೆಯ ಪೂಜೆಯ ರಜೆಯಲ್ಲಿದೆ, ರಜೆ ಮುಗಿದ ಮೇಲೆ ಅರಣ್ಯ ಇಲಾಖೆಯವರು ಬಂದು ಒಯ್ಯುತ್ತಾರೆ, ಅಲ್ಲಿಯವರೆಗೆ ಕತ್ತಲಲ್ಲಿಡಿ, ಮನುಷ್ಯರಿಗೆ ಒಗ್ಗಿಹೋಗದಂತೆ ಮುಖ ತೋರಿಸಬೇಡಿ ಎಂದರು. ಪಟ್ಟಿಯನ್ನಂತೂ ಮುಟ್ಟಲೇಬಾರದು, ಮೂಳೆ ಕೂಡುವ ಮೊದಲೇ ಬಿಚ್ಚಿದರೆ ಹಕ್ಕಿ ಉಳಿಯುವುದಿಲ್ಲ. ಇದನ್ನು ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವಳು ನಾನೇ.

ಅಮ್ಮ ಮುಖ ಮರೆಸಲೆಂದು ಆ ಸೆಕೆಯಲ್ಲೂ ಅಪ್ಪನ ಮಂಕಿ ಟೋಪಿ ಹಾಕಿಕೊಂಡು, ಬಾಲ್ಕನಿಯ ರಟ್ಟಿನ ಪೆಟ್ಟಿಗೆಯೊಳಗೆ ಚಿಮಟದಿಂದ ಕೋಳಿಮಾಂಸದ ಚೂರು ಕೊಡುತ್ತಿದ್ದಳು. ಬಾಗಿಲಾಚೆ ಕೂತ ಅಜ್ಜಿ, ಸೊಸೆ ಕಳ್ಳಿಯ ವೇಷ ಹಾಕಿದಳೆಂದು ಗೊಣಗುತ್ತಿದ್ದಳು. ಅಜ್ಜಿ ಧಾರವಾಡದವಳು. ಗೂಬೆ ಹೊಕ್ಕ ಮನೆಯನ್ನು ಕೆಲಕಾಲ ಬಿಟ್ಟು ಹೋಗಬೇಕೆಂದು ನಂಬಿ ಬೆಳೆದವಳು. ನಾನು ಡಿಬೇಟಿನಲ್ಲಿ ಪಳಗಿದವಳು, ಸುಮ್ಮನಿರುತ್ತೇನೆಯೇ? ಧಾರವಾಡದಲ್ಲಿ ಅಪಶಕುನವಾದದ್ದು ಇಲ್ಲಿ ಲಕ್ಷ್ಮಿ ಆಗುವುದಾದರೆ, ದಾರಿಯಲ್ಲಿ ಯಾವ ಸ್ಟೇಷನ್ನಿನಲ್ಲಿ ಅದು ಬದಲಾಗುತ್ತದೆ ಎಂದು ಕೇಳಿದೆ.

"ಗೂಗಿ ಬದಲಾಗೂದಿಲ್ಲವಾ, ಮನಿ ಬದಲಾಗ್ತಾವು," ಎಂದಳು ಅಜ್ಜಿ. "ನಮ್ಮ ಮನಿ ಎಲ್ಲಿದ್ರೂ ನಮ್ಮ ಮನೀನ."

ಆ ಸುತ್ತಿನಲ್ಲಿ ಅವಳೇ ಗೆದ್ದಳು.

ಮನೆಯಲ್ಲಿ ಗೂಬೆಯಿರುವ ಗುಟ್ಟು ರಟ್ಟಾದದ್ದು ನಮ್ಮ ಮಡಿಯಿಂದ. ನಮ್ಮ ಫ್ರಿಜ್ಜಿನೊಳಗೆ ಮಾಂಸ ಹೋಗುವಂತಿಲ್ಲ. ಅಮ್ಮ ಅದನ್ನು, ನಾವು ಕಾಕೀಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕೆಳಗಿನ ಮನೆಯವರ ಫ್ರಿಜ್ಜಿನಲ್ಲಿಟ್ಟಳು. ಶುದ್ಧ ಸಸ್ಯಾಹಾರಿಗಳಿಗೆ ಕೋಳಿ ಯಾಕೆಂದು ಕಾಕೀಮಾ ಕೇಳದಿರುತ್ತಾರೆಯೇ? ಮರುದಿನ ಅವರು ಶಂಖ, ಸಿಂಧೂರ, ಸಂದೇಶ್ ಮಿಠಾಯಿ ಹಿಡಿದು ಬಂದರು. ಅವರ ಹಿಂದೆ ಇಡೀ ಬಿಲ್ಡಿಂಗು. ಅಮ್ಮ ಟೋಪಿ ಹಾಕಿಕೊಂಡೇ ಬಾಲ್ಕನಿಯ ಬಾಗಿಲಿಗೆ ಅಡ್ಡ ನಿಂತು ಕೈಮುಗಿದಳು. ಆದರೂ ಯಾರೋ ಪೆಟ್ಟಿಗೆಯ ಬಟ್ಟೆ ಸರಿಸಿ ಹಕ್ಕಿಯ ಹಣೆಗೆ ಸಿಂಧೂರ ಹಚ್ಚಿದರು. ಅಂದಿನಿಂದ ಅದು ತಿನ್ನುವುದನ್ನು ಕಡಿಮೆ ಮಾಡಿತು.

ಅದೇ ವಾರ ಅಪ್ಪನಿಗೆ ಎದೆನೋವು ಬಂತು, ಐಸಿಯುಗೆ ಸೇರಿಸಿದೆವು. ಅಜ್ಜಿ ಬಾಲ್ಕನಿಯ ಕಡೆಗೊಮ್ಮೆ ನೋಡಿದಳು, ಅಷ್ಟೇ.

ಲಕ್ಷ್ಮೀ ಪೂಜೆಯ ಸಂಜೆ ಅಮ್ಮ ಆಸ್ಪತ್ರೆಯಲ್ಲಿದ್ದಳು. ಅಪ್ಪನಿಗೆ ಪ್ರಸಾದ ಒಯ್ಯಲೇಬೇಕೆಂದು ಕಾಕೀಮಾ ಕರೆದರೆಂದು ನಾನು ಕೆಳಗೆ ಹೋದೆ. ಮರಳಿ ಬಂದಾಗ ಪೆಟ್ಟಿಗೆ ಖಾಲಿ. ಹತ್ತಿರದಲ್ಲೇ ಅಜ್ಜಿಯ ಬತ್ತಿಯ ಬುಟ್ಟಿ, ಅದರಲ್ಲಿ ಅರಳೆ, ಕತ್ತರಿ, ಎರಡು ತುಂಡಾದ ಪಟ್ಟಿ. ಅಜ್ಜಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು.

"ಹೋತು," ಎಂದಳು, ತಿರುಗದೆ.

ಬೆಳ್ಳಗಿನದೇನೋ ಬಾಲ್ಕನಿಯಿಂದ ಕೆಡವಿದ ಮನೆಯ ಕಡೆಗೆ ಇಳಿದದ್ದನ್ನು ಕೆಳಗಿನವರು ಕಂಡರಂತೆ. ಅವರು ಅದನ್ನು ಹಾರುವುದು ಎಂದರು. ಬೆಳಿಗ್ಗೆ ಅಮ್ಮ ಆಸ್ಪತ್ರೆಯಿಂದ ನೇರ ಆ ಇಟ್ಟಿಗೆಯ ರಾಶಿಗೆ ಹೋದಳು. ಒಂದು ಮೂಲೆಯಲ್ಲಿ ಕಾಗೆಗಳು ಗುಂಪುಗೂಡಿದ್ದವು. ನನ್ನನ್ನು ಅತ್ತ ಬರಬೇಡವೆಂದು ಕೈಸನ್ನೆ ಮಾಡಿದಳು. ಮನೆಗೆ ಬಂದು ಟೋಪಿಯನ್ನು ಒಗೆದು ಒಣಹಾಕಿದಳು.

ಅಪ್ಪ ಬದುಕಿ ಬಂದರು. ಮನಸ್ಸಿಗೆ ಬೇಸರ ತರುವುದೇನನ್ನೂ ಹೇಳಬಾರದೆಂದು ಅವರಿಗೂ ಹಾರಿದ ಕತೆಯನ್ನೇ ಹೇಳಲಾಯಿತು. ಅಜ್ಜಿಯನ್ನು ಕೇಳುತ್ತೇನೆಂದಾಗಲೆಲ್ಲ ಅಮ್ಮ ತಡೆದಳು. "ಗೆದ್ದು ಏನ್ ಮಾಡಾಕಿದ್ದಿ?" ಎಂದಳು ಒಮ್ಮೆ. ಅಜ್ಜಿ ಕಟ್ಟಿಹಾಕಿದ ಜೀವವನ್ನು ಕಂಡು ಮರುಗಿದಳೋ, ಮಗನ ಜೀವ ಉಳಿಯಲೆಂದು ಇದರ ಜೀವವನ್ನು ಕೊಟ್ಟಳೋ? ಮೊದಲನೆಯದಾದರೆ, ಪಟ್ಟಿ ಬಿಚ್ಚಿದರೆ ಹಕ್ಕಿ ಉಳಿಯುವುದಿಲ್ಲವೆಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಎರಡನೆಯದಾದರೆ ಚೆನ್ನಾಗಿಯೇ ಬಿದ್ದಿತ್ತು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬೇಡ ಎನ್ನುವುದು ಡಿಬೇಟಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಮೊನ್ನೆ ಮಧ್ಯಾಹ್ನ ಅಜ್ಜಿ ಅದೇ ಬಾಲ್ಕನಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಕೂತು ಅರಳೆ ಬಿಡಿಸಿಕೊಟ್ಟೆ. ಅವಳ ಬೆರಳು ನಿಂತದ್ದು ನಾನು ಕೇಳಿದ ಮೇಲೆ.

"ಅಜ್ಜಿ, ಅವತ್ತ ಪಟ್ಟಿ ಕತ್ತರಿಸಿದಾಗ, ಅದು ಹಾರ್ತದ ಅಂತ ತಿಳಕೊಂಡಿದ್ದ್ಯೋ, ಬೀಳ್ತದ ಅಂತನೋ?"