ನೀಲಿ ಟಿಕ್ಕಿಗೆ ಬಗ್ಗದ ಸಿಸ್ಟರ್

ನಮ್ಮ ಹೇರೋಹಳ್ಳಿ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಚೇತನಾ ಸಿಸ್ಟರ್ ಡ್ಯೂಟಿಯಲ್ಲಿದ್ದರೆ ಕಾಯಿಲೆ ಕೂಡ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆದರಿಕೊಂಡೇ ಒಳಗೆ ಬರಬೇಕು. ಕೆಮ್ಮು ಕೇಳಿಯೇ ಅದು ಯಾವ ಮಂಚದ್ದು ಎಂದು ಹೇಳಿಬಿಡುತ್ತಾಳೆ. “ವಯಸ್ಸಾಯ್ತಲ್ಲಮ್ಮಾ” ಎಂದು ಮ್ಯಾನೇಜರ್ ಮಹದೇವ್ ರಾಗ ಎಳೆದರೆ, “ವಯಸ್ಸು ಕಾಯಿಲೆ ಅಲ್ಲ ಸಾರ್, ಟೆಸ್ಟ್ ಮಾಡ್ಸಿ” ಎಂದು ಅಲ್ಲೇ ಕತ್ತರಿಸುತ್ತಾಳೆ. ದಿನಾ ಕಾಫಿಗೆ ಬೈಯುವ ಪಾಪಮ್ಮಜ್ಜಿ ಮೊನ್ನೆ “ಚೆನ್ನಾಗಿದೆ ಕಣೇ” ಎಂದದ್ದೇ ತಡ, ಅಜ್ಜಿಗೆ ಏನೋ ಆಗಿದೆ ಎಂದು ಇವಳಿಗೆ ಗೊತ್ತಾಯಿತು; ವಯಸ್ಸಾದವರಿಗೆ ಮೂತ್ರದ ಸೋಂಕಾದರೆ ಮೊದಲು ಕದಡುವುದು ಬುದ್ಧಿಯೇ. ಆಗಲೇ ಮೂತ್ರ ಪರೀಕ್ಷೆಗೆ ಕಳಿಸಿದಳು. ಸಂಜೆ ರಿಪೋರ್ಟ್ ಬಂತು: ಜೋರು ಸೋಂಕು. ಹೋಮಿಗೆ ಬಂದು ನೋಡುವ ಡಾಕ್ಟರಿಗೆ ವಾಟ್ಸಾಪ್ ಮಾಡಿದಳು; ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಅಜ್ಜಿಗೆ ಜ್ವರ ಏರುತ್ತಿತ್ತು. “ನೋಡಿದಾರಲ್ಲ, ನಾಳೆ ಬರ್ತಾರೆ ಬಿಡಮ್ಮಾ” ಎಂದ ಮಹದೇವ್. “ಟಿಕ್ಕು ಮಾತ್ರೆ ಅಲ್ಲ ಸಾರ್!” ಎಂದವಳೇ ಆಟೋ ಹತ್ತಿ ಸುಂಕದಕಟ್ಟೆಯ ಕ್ಲಿನಿಕ್ಕಿಗೆ ನುಗ್ಗಿ, ಡಾಕ್ಟರ ಮೇಜಿನ ಮೇಲೆ ರಿಪೋರ್ಟ್ ಇಟ್ಟಳು. “ಪೇಷೆಂಟ್ ಮನೆಯವ್ರು ಬರ್ಲಿ, ಮಾತಾಡ್ತೀನಿ” ಎಂದರು ಡಾಕ್ಟರ್. ಹನ್ನೊಂದು ವರ್ಷದಿಂದ ಪಾಪಮ್ಮಜ್ಜಿಯನ್ನು ನೋಡಲು ಯಾರೊಬ್ಬರೂ ಬಂದಿರಲಿಲ್ಲ. ಚೇತನಾ ಕುರ್ಚಿ ಎಳೆದು ಕೂತಳು. “ಬಂದಿದೀನಿ. ಮಾತಾಡಿ.”